ಕುದ್ಮುಲ್ ರಂಗರಾಯರು

ವಿದ್ಯೆಯು ಎಲ್ಲರ ಸೊತ್ತು ಎಂದು ಹೇಳುವುದು ಇಂದು ಬಹು ಸುಲಭ. ಸಭೆಗಳಲ್ಲಿ ಹೇಳುತ್ತೇವೆ, ಪರೀಕ್ಷೆಯ ಪ್ರಬಂಧಗಳಲ್ಲಿ ಬರೆಯುತ್ತೇವೆ, ಶಾಲೆಯ ಗೋಡೆಗಳ ಮೇಲೆ ಬಣ್ಣದಲ್ಲಿ ಬರೆಸಿಯೂ ಇಡುತ್ತೇವೆ. ಆದರೆ ಈ ಮಾತನ್ನು ಹೇಳಿದವನನ್ನೇ ಜಾತಿಯಿಂದ ಹೊರಗೆ ಹಾಕುತ್ತಿದ್ದ ಕಾಲವೊಂದಿತ್ತು. ಅಂಥ ಕಾಲದಲ್ಲಿ ಮಂಗಳೂರಿನಲ್ಲಿದ್ದುಕೊಂಡು, ಬರಿಯ ಮಾತಿನಲ್ಲಿ ನಿಲ್ಲಿಸದೆ, ದಲಿತರ ಮಕ್ಕಳಿಗಾಗಿ ಶಾಲೆ ತೆರೆದು, ಅದಕ್ಕಾಗಿಯೇ ತಮ್ಮ ಆಯುಷ್ಯವನ್ನು ಸವೆಸಿದ ಮಹನೀಯರು ಕುದ್ಮುಲ್ ರಂಗರಾಯರು. ಕರಾವಳಿಯ ಜನರಿಗೆ ಅವರ ಹೆಸರು ಹೊಸದಲ್ಲ. ಮಂಗಳೂರಿನ ಪುರಭವನಕ್ಕೇ ಅವರ ಹೆಸರಿದೆ. ಆದರೆ ಬೆಂಗಳೂರಿನ ಈ ಹೊರವಲಯದಲ್ಲಿ, ಕಾರ್ಖಾನೆಗಳ ನಡುವೆ ಬೆಳೆದ ನಮ್ಮಲ್ಲಿ ಅನೇಕರು ಅವರ ಹೆಸರನ್ನು ಕೇಳಿದವರಲ್ಲ. ನಾನೂ ಕಾಲೇಜಿಗೆ ಬಂದ ಮೇಲೆಯೇ ತಿಳಿದೆ. ತಿಳಿದ ಮೇಲೆ ಸುಮ್ಮನಿರಲಾರದೆ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ರಂಗರಾಯರ ಕಾರ್ಯದ ಹಿರಿಮೆ ತಿಳಿಯಬೇಕಾದರೆ ಅವರು ಹುಟ್ಟುವುದಕ್ಕೆ ಮೂರು ವರ್ಷ ಮೊದಲು ನಡೆದ ಒಂದು ಸಂಗತಿಯನ್ನು ನೆನೆಯಬೇಕು. ೧೮೫೬ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಲು ಮಹಾರ್ ಜಾತಿಯ ಹುಡುಗನೊಬ್ಬ ಅರ್ಜಿ ಹಾಕಿದ. ಶಾಲೆಯವರು ಸೇರಿಸಿಕೊಳ್ಳಲಿಲ್ಲ. ಹುಡುಗ ಅಲ್ಲಿಗೇ ಬಿಡದೆ ಮುಂಬಯಿ ಸರಕಾರಕ್ಕೆ ಬರೆದುಕೊಂಡ. ಅವನ ಬೇಡಿಕೆ ನ್ಯಾಯವಾದುದೆಂದು ಸರಕಾರ ಒಪ್ಪಿತು. ಆದರೆ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲರೂ ಶಾಲೆ ಬಿಟ್ಟಾರೆಂಬ ಭಯದಿಂದ ಅವನನ್ನು ಹೊರಗೇ ನಿಲ್ಲಿಸಿತು. ವಿಷಯ ಮೇಲಕ್ಕೆ ಹೋಗಿ, ಸರಕಾರಿ ಶಾಲೆಗಳು ಜಾತಿಭೇದವಿಲ್ಲದೆ ಎಲ್ಲರಿಗೂ ತೆರೆದಿರಬೇಕೆಂದು ೧೮೫೮ರಲ್ಲಿ ಕಂಪೆನಿಯ ನಿರ್ದೇಶಕ ಮಂಡಲಿ ತಿಳಿಸಿತು. ೧೮೮೨ರ ಹಂಟರ್ ಆಯೋಗವೂ ಆ ತತ್ತ್ವವನ್ನೇ ಎತ್ತಿ ಹಿಡಿಯಿತು. ಕಾಗದದ ಮೇಲೆ ಬಾಗಿಲು ತೆರೆಯಿತು. ಊರುಗಳಲ್ಲಿ ಮಾತ್ರ ಅದು ಮುಚ್ಚಿಯೇ ಇತ್ತು. ಕಾಗದಕ್ಕೂ ಊರಿಗೂ ನಡುವೆ ಇದ್ದ ಈ ದೂರವನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿದವರು ರಂಗರಾಯರು ಎಂದರೆ ತಪ್ಪಾಗಲಾರದು.

ಅವರು ಹುಟ್ಟಿದುದು ೧೮೫೯ನೆಯ ಇಸವಿ ಜೂನ್ ೨೯ರಂದು, ಕಾಸರಗೋಡು ತಾಲೂಕಿನ ಕುದ್ಮುಲ್ ಎಂಬ ಹಳ್ಳಿಯಲ್ಲಿ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗ, ಜಿಲ್ಲೆಯು ಮದರಾಸು ಪ್ರಾಂತ್ಯದ ಭಾಗ. ೧೯೫೬ರ ರಾಜ್ಯ ಪುನರ್ವಿಂಗಡಣೆಯ ನಂತರ ಆ ತಾಲೂಕು ಕೇರಳಕ್ಕೆ ಸೇರಿತು. ತಂದೆ ದೇವಪ್ಪಯ್ಯನವರು, ತಾಯಿ ಗೌರಿಯಮ್ಮನವರು. ಸಾರಸ್ವತ ಬ್ರಾಹ್ಮಣರ ಮನೆತನ. ಕುಲ ದೊಡ್ಡದಾದರೂ ಬಡತನವೂ ಇತ್ತು. ರಂಗರಾಯರು ಹುಡುಗನಾಗಿರುವಾಗಲೇ ತಂದೆ ತೀರಿಕೊಂಡರು. ಸಂಸಾರದ ಭಾರ ಹೆಗಲ ಮೇಲೆ ಬಿತ್ತು. ಹೊಟ್ಟೆಪಾಡಿಗಾಗಿ ಹುಡುಗ ಮಂಗಳೂರಿನ ದಾರಿ ಹಿಡಿದ.

ಮಂಗಳೂರಿನಲ್ಲಿ ಮೊದಲು ಅವರು ಅಲ್ಪ ಸಂಬಳದ ಶಾಲಾ ಉಪಾಧ್ಯಾಯರಾದರು. ದುಡಿಯುತ್ತಲೇ ಓದಿದರು. ಓದುತ್ತಲೇ ಮನೆಯವರನ್ನು ಸಾಕಿದರು. ಮುಂದೆ ವಕೀಲಿ ಪರೀಕ್ಷೆಯನ್ನು ಪಾಸು ಮಾಡಿ ನ್ಯಾಯಾಲಯದಲ್ಲಿ ವಕೀಲರಾಗಿ ನಿಂತರು. ಅವರ ಬಳಿಗೆ ಬರುತ್ತಿದ್ದ ಕಕ್ಷಿಗಾರರಲ್ಲಿ ಬಡವರೇ ಹೆಚ್ಚು. ಬಡವರ ವಕೀಲರೆಂದೇ ಅವರಿಗೆ ಹೆಸರು ಬಂತು. ಹಗಲು ಕೆಲಸ ಮಾಡಿ ರಾತ್ರಿ ಓದುವ ಕಷ್ಟವೇನೆಂಬುದು ನಮ್ಮ ಕಾಲೇಜಿನ ಅನೇಕರಿಗೆ ವಿವರಿಸಿ ಹೇಳಬೇಕಾದುದಿಲ್ಲ. ರಾತ್ರಿ ಪಾಳಿ ಮುಗಿಸಿ, ಕಣ್ಣುಜ್ಜಿಕೊಂಡು ಮೊದಲ ಪೀರಿಯಡ್ಡಿಗೆ ಬಂದು ಕುಳಿತುಕೊಳ್ಳುವ ಮಿತ್ರರು ನನಗೆ ಇದ್ದಾರೆ. ಹಾಗೆ ಕಲಿತವನಿಗೆ ವಿದ್ಯೆಯ ಬೆಲೆ ತಿಳಿದಿರುತ್ತದೆ. ರಂಗರಾಯರಿಗೆ ಅದು ತಿಳಿದಿತ್ತು.

ಅಂದು ಮಂಗಳೂರಿನಲ್ಲಿ ಹೊಸ ಗಾಳಿಯೊಂದು ಬೀಸುತ್ತಿತ್ತು. ೧೮೭೦ರಲ್ಲಿ ಅಲ್ಲಿ ಬ್ರಹ್ಮಸಮಾಜ ಸ್ಥಾಪನೆಯಾಗಿತ್ತು. ಬಿಲ್ಲವರ ಮುಖಂಡರಾದ ಅರಸಪ್ಪನವರೂ ಸಾರಸ್ವತರಾದ ಉಳ್ಳಾಲ ರಘುನಾಥಯ್ಯನವರೂ ಅದರ ಹಿಂದಿದ್ದರು. ದೇವರು ಒಬ್ಬನೇ, ಮನುಷ್ಯರೆಲ್ಲರೂ ಒಂದೇ ಎಂಬ ಆ ಸಮಾಜದ ತತ್ತ್ವ ರಂಗರಾಯರ ಮನಸ್ಸನ್ನು ಸೆಳೆಯಿತು. ಅವರು ಅದರ ಸದಸ್ಯರಾದರು. ಆದರೆ ಪ್ರಾರ್ಥನಾ ಮಂದಿರದಲ್ಲಿ ಕಣ್ಣು ಮುಚ್ಚಿ ಮನುಷ್ಯರೆಲ್ಲ ಒಂದೇ ಎನ್ನುವುದು, ಹೊರಗೆ ಬಂದು ಕಣ್ಣು ತೆರೆದಾಗ ದಾರಿಯಲ್ಲಿ ದೂರ ಸರಿದು ನಿಲ್ಲುವ ಮನುಷ್ಯನನ್ನು ಕಾಣುವುದು, ಈ ಎರಡೂ ಒಟ್ಟಿಗೆ ಸಾಗುವುದು ಅವರಿಗೆ ಸಾಧ್ಯವಾಗಲಿಲ್ಲ.

ಆ ಕಾಲದ ಕರಾವಳಿಯಲ್ಲಿ, ಪಂಚಮರೆಂದು ಕರೆಯಲ್ಪಡುತ್ತಿದ್ದ ದಲಿತರ ಬಾಳು ಹೇಗಿತ್ತೆಂಬುದನ್ನು ಇಂದಿನವರು ಊಹಿಸುವುದೂ ಕಷ್ಟ. ಅವರು ಸಾರ್ವಜನಿಕ ರಸ್ತೆಯಲ್ಲಿ ನಿರ್ಭಯವಾಗಿ ನಡೆಯುವಂತಿರಲಿಲ್ಲ. ಬಾವಿಯ ನೀರು ಮುಟ್ಟುವಂತಿರಲಿಲ್ಲ. ಕೊರಗರ ಪಾಡು ಇನ್ನೂ ಹೀನ. ಪರರ ಅನಿಷ್ಟಗಳನ್ನು ಕೊರಗರ ಮೇಲೆ ಹೊರಿಸುವ ಅಜಲು ಎಂಬ ಪದ್ಧತಿ ಅಲ್ಲಿ ಬೇರೂರಿತ್ತು. ಅದನ್ನು ನಿಷೇಧಿಸಲು ಕರ್ನಾಟಕ ಸರಕಾರ ೨೦೦೦ನೆಯ ಇಸವಿಯಲ್ಲಿ ಪ್ರತ್ಯೇಕ ಶಾಸನವನ್ನೇ ಮಾಡಬೇಕಾಯಿತೆಂದರೆ ಆ ಬೇರು ಎಷ್ಟು ಆಳದ್ದೆಂದು ತಿಳಿಯಬಹುದು. ಇಂಥ ಜನರಿಗೆ ಕನಿಕರ ತೋರಿಸಿದರೆ ಸಾಲದು, ಅಕ್ಷರ ಬೇಕು, ಭೂಮಿ ಬೇಕು, ಉದ್ಯೋಗ ಬೇಕು ಎಂದು ರಂಗರಾಯರು ಕಂಡುಕೊಂಡರು. ಅಕ್ಷರದಿಂದ ಪ್ರಾರಂಭಿಸಿದರು.

೧೮೯೨ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಅವರ ಮೊದಲ ಶಾಲೆ ತೆರೆಯಿತು. ಶಾಲೆ ತೆರೆದ ಮೇಲೆ ಕಷ್ಟಗಳು ಒಂದೊಂದಾಗಿ ಎದುರು ಬಂದುವು. ಆ ಕಷ್ಟಗಳನ್ನೂ ಅವುಗಳಿಗೆ ಅವರು ಕಂಡುಕೊಂಡ ಪರಿಹಾರಗಳನ್ನೂ ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಏಕೆಂದರೆ ಅವರ ಜೀವನದ ಸಾರವೆಲ್ಲ ಅದರಲ್ಲಿದೆ.

ಮೊದಲನೆಯದು, ಕಲಿಸುವವರ ಕಷ್ಟ. ದಲಿತ ಮಕ್ಕಳ ಮುಂದೆ ನಿಂತು ಪಾಠ ಹೇಳಲು ಮೇಲುಜಾತಿಯ ಉಪಾಧ್ಯಾಯರು ಸಿದ್ಧರಿರಲಿಲ್ಲ. ಸಿದ್ಧರಿದ್ದವರನ್ನು ಅವರ ಮನೆಯವರೂ ನೆರೆಯವರೂ ಬಿಡುತ್ತಿರಲಿಲ್ಲ. ಆಗ ಕ್ರೈಸ್ತ ಉಪಾಧ್ಯಾಯರು ಮುಂದೆ ಬಂದು ಶಾಲೆಯನ್ನು ನಡೆಸಿಕೊಟ್ಟರು. ಎರಡನೆಯದು, ಕಲಿಯುವವರ ಕಷ್ಟ. ತಲೆತಲಾಂತರದಿಂದ ಅಕ್ಷರ ನಮಗಲ್ಲವೆಂದು ನಂಬಿಸಲ್ಪಟ್ಟ ಜನ ತಾವಾಗಿ ಮಕ್ಕಳನ್ನು ಕಳುಹಿಸುವರೆ? ರಂಗರಾಯರು ಕೇರಿಕೇರಿಗೆ ಹೋಗಿ ಬೇಡಿಕೊಂಡರು. ಮೂರನೆಯದು, ಹೊಟ್ಟೆಯ ಕಷ್ಟ. ಮಗು ಶಾಲೆಗೆ ಬಂದರೆ ಅದರ ಆ ದಿನದ ದುಡಿಮೆ ಮನೆಗೆ ನಷ್ಟ. ಹಸಿದ ಮಗುವಿನ ತಲೆಗೆ ಅಕ್ಷರ ಹತ್ತುವುದೂ ಇಲ್ಲ. ಆದುದರಿಂದ ಅವರು ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿಸಿದರು. ಶಾಲೆಗೆ ಬಂದ ಮಕ್ಕಳಿಗೆ ದಿನದ ಲೆಕ್ಕದಲ್ಲಿ ಒಂದಿಷ್ಟು ಕಾಸನ್ನೂ ಕೊಡುತ್ತಿದ್ದರು. ನಾಲ್ಕನೆಯದು, ದೂರದ ಕಷ್ಟ. ಅದಕ್ಕಾಗಿ ವಿದ್ಯಾರ್ಥಿನಿಲಯ ತೆರೆದರು. ಐದನೆಯದು, ಕಲಿತ ಮೇಲೆ ಏನೆಂಬ ಪ್ರಶ್ನೆ. ಅದಕ್ಕಾಗಿ ಓದಿನ ಜೊತೆಗೆ ನೇಯ್ಗೆ ಮೊದಲಾದ ಕೈಕಸುಬುಗಳನ್ನು ಕಲಿಸಿದರು. ದಲಿತನೊಬ್ಬನಿಗೆ ನ್ಯಾಯಾಲಯದಲ್ಲಿ ಜವಾನನ ಕೆಲಸ ಕೊಡಿಸಲು ಅವರು ಪಟ್ಟ ಪಾಡು, ಅದಕ್ಕೆ ಬಂದ ವಿರೋಧ ಇವು ಮಂಗಳೂರಿನಲ್ಲಿ ಇಂದಿಗೂ ಹೇಳಿಕೊಳ್ಳುವ ಕಥೆಗಳು.

೧೮೯೭ರಲ್ಲಿ ಅವರು ಈ ಕೆಲಸಕ್ಕೆಲ್ಲ ಒಂದು ರೂಪ ಕೊಟ್ಟು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅದೇ ಹೆಸರಿನ ಸಂಸ್ಥೆಯನ್ನು ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಸ್ಥಾಪಿಸಿದುದು ೧೯೦೬ರಲ್ಲಿ. ಮಂಗಳೂರಿನ ಶೇಡಿಗುಡ್ಡೆ ರಂಗರಾಯರ ಕಾರ್ಯದ ಕೇಂದ್ರವಾಯಿತು. ಶಾಲೆಗಳು ಮಂಗಳೂರಿನ ಬೇರೆ ಬೇರೆ ಭಾಗಗಳಿಗೂ ಹೊರಗಿನ ಊರುಗಳಿಗೂ ಹಬ್ಬಿದುವು. ದಲಿತರಿಗೆ ವಾಸಕ್ಕೂ ಬೇಸಾಯಕ್ಕೂ ನೆಲ ದೊರಕಿಸಿಕೊಡುವ ಪ್ರಯತ್ನವೂ ಜೊತೆಯಲ್ಲಿಯೇ ನಡೆಯಿತು. ಸರಕಾರ ಅವರಿಗೆ ರಾವ್ ಸಾಹೇಬ ಎಂಬ ಬಿರುದನ್ನು ಕೊಟ್ಟು ಗೌರವಿಸಿತು.

ಸರಕಾರ ಗೌರವಿಸಿತು, ಸ್ವಜನರು ಬಹಿಷ್ಕರಿಸಿದರು. ಅವರ ಜಾತಿಯವರು ಅವರನ್ನು ಸಮಾಜದಿಂದ ಹೊರಗಿಟ್ಟರು. ದಲಿತರು ಮುಟ್ಟಬಾರದವರಾದರೆ ದಲಿತರನ್ನು ಮುಟ್ಟಿದ ರಂಗರಾಯರೂ ಮುಟ್ಟಬಾರದವರೇ ಆದರು. ಇದರ ಬಿಸಿ ತಟ್ಟಿದುದು ಅವರೊಬ್ಬರಿಗೇ ಅಲ್ಲ, ಹೆಂಡತಿ ಮಕ್ಕಳಿಗೂ ತಟ್ಟಿತು. ಸಮಾಜ ಸುಧಾರಕರ ಜೀವನವನ್ನು ಬರೆಯುವವರು ಅವರ ಮನೆಯವರನ್ನು ಮರೆತುಬಿಡುವುದುಂಟು. ಅಡುಗೆಮನೆಯೊಳಗೆ ಕುಳಿತು ಆ ಬಹಿಷ್ಕಾರದ ದಿನಗಳನ್ನು ಎಣಿಸಿದವರ ಧೈರ್ಯವೂ ಚಿಕ್ಕದಲ್ಲವೆಂದು ನನಗೆ ತೋರುತ್ತದೆ.

ಹೇಳಿದಂತೆ ನಡೆಯುವವರೇ ರಂಗರಾಯರು ಎಂಬುದಕ್ಕೆ ಅವರ ಮಗಳು ರಾಧಾಬಾಯಿಯವರ ಜೀವನವೇ ಸಾಕ್ಷಿ. ರಾಧಾಬಾಯಿಯವರು ಎಳೆಯ ಪ್ರಾಯದಲ್ಲಿಯೇ ವಿಧವೆಯಾದರು. ಅಂದಿನ ವಾಡಿಕೆಯಂತೆ ಆಗಿದ್ದರೆ ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸಬೇಕಾಗಿತ್ತು. ರಂಗರಾಯರು ಮಗಳನ್ನು ಓದಿಸಿದರು. ಆಕೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕಲಿತು ಮುಂದೆ ಆಕ್ಸ್‌ಫರ್ಡಿಗೂ ಹೋದರು. ೧೯೧೨ರಲ್ಲಿ ಆಕೆಯ ಮದುವೆ ತಮಿಳುನಾಡಿನ ಕುಮಾರಮಂಗಲದ ಜಮೀನುದಾರರಾದ ಸುಬ್ಬರಾಯನ್ ಅವರೊಡನೆ ನಡೆಯಿತು. ವಿಧವಾ ವಿವಾಹ, ಅದೂ ಜಾತಿ ಮೀರಿದ ವಿವಾಹ. ಸುಬ್ಬರಾಯನ್ ಅವರು ೧೯೨೬ರಿಂದ ೧೯೩೦ರವರೆಗೆ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಗಳಾಗಿದ್ದರು. ರಾಧಾಬಾಯಿ ಸುಬ್ಬರಾಯನ್ ಅವರು ೧೯೩೦ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರು. ೧೯೩೮ರಲ್ಲಿ ಅವರು ಕೇಂದ್ರದ ಕೌನ್ಸಿಲ್ ಆಫ್ ಸ್ಟೇಟಿಗೆ ಆಯ್ಕೆಯಾದ ಮೊದಲ ಮಹಿಳೆಯಾದರು. ೧೯೬೬ರಿಂದ ೧೯೬೯ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಪಿ. ಪಿ. ಕುಮಾರಮಂಗಲಂ, ಕೇಂದ್ರದ ಮಂತ್ರಿಗಳಾಗಿದ್ದ ಮೋಹನ ಕುಮಾರಮಂಗಲಂ, ಲೋಕಸಭೆಯ ಸದಸ್ಯೆಯಾಗಿದ್ದ ಪಾರ್ವತಿ ಕೃಷ್ಣನ್ ಇವರೆಲ್ಲರೂ ರಾಧಾಬಾಯಿಯವರ ಮಕ್ಕಳು. ಮೂಲೆಯಲ್ಲಿ ಕೂರಿಸಬೇಕಾಗಿದ್ದ ಒಬ್ಬ ಹುಡುಗಿಗೆ ವಿದ್ಯೆ ಕೊಟ್ಟುದರ ಫಲ ಇದು.

ರಂಗರಾಯರ ಶಾಲೆಗಳು ದಲಿತರಿಗೆಂದೇ ಇದ್ದ ಪ್ರತ್ಯೇಕ ಶಾಲೆಗಳಲ್ಲವೆ, ಪ್ರತ್ಯೇಕವಾದುದು ಸಮಾನವಾದೀತೆ ಎಂದು ಕೆಲವರು ಕೇಳಬಹುದು. ನನ್ನ ಸಹಪಾಠಿಯೊಬ್ಬ ನನ್ನನ್ನು ಹಾಗೆಯೇ ಕೇಳಿದ. ಪ್ರಶ್ನೆ ನ್ಯಾಯವಾದುದೇ. ಎಲ್ಲ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಕಲಿಯುವ ಶಾಲೆಯೇ ನಿಜವಾದ ಶಾಲೆ. ಆದರೆ ಸಾರ್ವಜನಿಕ ಶಾಲೆ ಬಾಗಿಲು ತೆರೆಯುವವರೆಗೆ ಕಾಯುತ್ತ ಕುಳಿತಿದ್ದರೆ ಒಂದು ತಲೆಮಾರಿನ ಮಕ್ಕಳು ಅಕ್ಷರವಿಲ್ಲದೆ ಮುದುಕರಾಗುತ್ತಿದ್ದರು. ಧಾರವಾಡದ ಹುಡುಗನ ಅರ್ಜಿಗೂ ರಂಗರಾಯರ ಮೊದಲ ಶಾಲೆಗೂ ನಡುವೆ ಮೂವತ್ತಾರು ವರ್ಷಗಳು ಕಳೆದಿದ್ದುವೆಂಬುದನ್ನು ನೆನೆದರೆ ಕಾಯುವುದರ ಅರ್ಥ ತಿಳಿಯುತ್ತದೆ. ಗೋಪಾಲಕೃಷ್ಣ ಗೋಖಲೆಯವರು ೧೯೧೧ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ತಂದ ಪ್ರಾಥಮಿಕ ಶಿಕ್ಷಣ ಮಸೂದೆಯೂ ಮರುವರ್ಷ ಬಿದ್ದುಹೋಯಿತು. ನಮ್ಮ ಬೆಂಗಳೂರು ಸೇರಿದ್ದ ಮೈಸೂರು ಸಂಸ್ಥಾನದಲ್ಲಿ ೧೯೧೩ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ ಬಂದಿತು. ಆದರೆ ಶಿಕ್ಷಣವು ದೇಶದ ಪ್ರತಿಯೊಂದು ಮಗುವಿನ ಮೂಲಭೂತ ಹಕ್ಕೆಂದು ಸಂವಿಧಾನದಲ್ಲಿ ಸೇರಿದುದು ೨೦೦೨ರಲ್ಲಿ. ಅದರ ಕಾಯಿದೆ ಆದುದು ೨೦೦೯ರಲ್ಲಿ, ಜಾರಿಗೆ ಬಂದುದು ೨೦೧೦ರ ಏಪ್ರಿಲಿನಲ್ಲಿ. ರಂಗರಾಯರು ಇಷ್ಟು ಕಾಲ ಕಾಯಲಿಲ್ಲ ಎಂಬುದೇ ಅವರ ದೊಡ್ಡತನ.

ಮುಪ್ಪಿನಲ್ಲಿ ಅವರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆಂಬ ಹೆಸರನ್ನು ಪಡೆದರು. ೧೯೨೮ನೆಯ ಇಸವಿ ಜನವರಿ ೩೦ರಂದು ದೇಹ ಬಿಟ್ಟರು. ತಮ್ಮ ಅಂತ್ಯಸಂಸ್ಕಾರವನ್ನು ಸ್ವಜಾತಿಯವರಲ್ಲ, ತಾವು ಯಾರಿಗಾಗಿ ಬಾಳಿದರೋ ಆ ದಲಿತ ಬಂಧುಗಳೇ ಮಾಡಬೇಕೆಂದು ಅವರು ಮೊದಲೇ ತಿಳಿಸಿದ್ದರು. ಹಾಗೆಯೇ ನಡೆಯಿತು. ಆರು ವರ್ಷಗಳ ಅನಂತರ, ೧೯೩೪ರ ಫೆಬ್ರವರಿಯಲ್ಲಿ, ಹರಿಜನ ಯಾತ್ರೆಯಲ್ಲಿದ್ದ ಗಾಂಧೀಜಿಯವರು ಮಂಗಳೂರಿಗೆ ಬಂದಾಗ ರಂಗರಾಯರ ಸಂಸ್ಥೆಯನ್ನು ಸಂದರ್ಶಿಸಿದರು. ಈ ಕಾರ್ಯದಲ್ಲಿ ರಂಗರಾಯರು ತಮಗೆ ಗುರುವಿನಂತೆ ಎಂಬ ಅರ್ಥದ ಮಾತನ್ನು ಗಾಂಧೀಜಿಯವರು ಆಡಿದರೆಂದು ಮಂಗಳೂರಿನವರು ಹೆಮ್ಮೆಯಿಂದ ನೆನೆಯುತ್ತಾರೆ.

ರಂಗರಾಯರ ಕೊನೆಯ ಆಸೆಯೊಂದು ಬಹಳ ಪ್ರಸಿದ್ಧವಾಗಿದೆ. ಅವರ ಸಮಾಧಿಯ ಮೇಲೆಯೂ ಅದನ್ನು ಕೆತ್ತಿಸಿದ್ದಾರೆ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಕ್ಕಳು ದೊಡ್ಡ ಸರಕಾರಿ ಹುದ್ದೆಗೆ ಏರಬೇಕು, ಮೋಟಾರು ಕಾರಿನಲ್ಲಿ ಕುಳಿತು ಊರಿನ ರಸ್ತೆಯಲ್ಲಿ ಓಡಾಡಬೇಕು, ಆ ಕಾರಿನ ಚಕ್ರದ ಧೂಳು ತಮ್ಮ ತಲೆಗೆ ತಾಗಬೇಕು, ಆಗ ತಮ್ಮ ಜನ್ಮ ಸಾರ್ಥಕವೆಂಬುದು ಅವರ ಆಸೆ. ಇದನ್ನು ಮೊದಲ ಸಲ ಓದಿದಾಗ ಕಾರಿನ ಆಸೆ ನನಗೆ ಸ್ವಲ್ಪ ವಿಚಿತ್ರವಾಗಿ ಕಂಡಿತು. ನಮ್ಮ ಕಡೆ ಕಾರುಗಳಿಗೇನು ಕೊರತೆ? ವೈಟ್‌ಫೀಲ್ಡಿನ ದಾರಿಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ದಾರಿಯಲ್ಲಿ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಅವುಗಳ ಧೂಳು ದಿನವೂ ನಮ್ಮ ತಲೆಯ ಮೇಲೆ ಬೀಳುತ್ತದೆ. ಆದರೆ ಮತ್ತೊಮ್ಮೆ ಯೋಚಿಸಿದಾಗ ಅರ್ಥವಾಯಿತು. ಯಾರು ಆ ರಸ್ತೆಯಲ್ಲಿ ನಡೆಯಲೂ ಕೂಡದಾಗಿತ್ತೋ ಅವರೇ ಆ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕೆಂದರು. ಉಪಕಾರ ಮಾಡಿದವನು ಮೇಲೆ, ಪಡೆದವನು ಕೆಳಗೆ ಎಂಬುದು ಲೋಕದ ಕ್ರಮ. ರಂಗರಾಯರು ಪಡೆದವನನ್ನು ಮೇಲೆ ಕೂರಿಸಿ ತಾವು ಧೂಳಿನಲ್ಲಿ ನಿಂತರು.

ಇಲ್ಲಿ ನನ್ನ ಸ್ವಂತದ ಒಂದು ಮಾತು ಹೇಳಲು ವಾಚಕರು ಅಪ್ಪಣೆ ಕೊಡಬೇಕು. ನಮ್ಮ ತಂದೆ ಪೀಣ್ಯದಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿಯುವವರು. ತಾಯಿ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುತ್ತಾರೆ. ಇಬ್ಬರೂ ಹೈಸ್ಕೂಲು ಕಂಡವರಲ್ಲ. ನಾನೂ ನನ್ನ ತಮ್ಮನೂ ಸರಕಾರಿ ಶಾಲೆಯಲ್ಲಿ ಕಲಿತೆವು. ಅಲ್ಲಿಯ ಮಧ್ಯಾಹ್ನದ ಊಟ ಉಂಡೇ ಬೆಳೆದೆವು. ಕರ್ನಾಟಕ ಸರಕಾರದ ಅಕ್ಷರ ದಾಸೋಹ ಯೋಜನೆ ಪ್ರಾರಂಭವಾದುದು ಈ ಶತಮಾನದ ಮೊದಲ ವರ್ಷಗಳಲ್ಲಿ. ನಾನು ಆ ಅನ್ನದ ತಟ್ಟೆಯ ಮುಂದೆ ಕುಳಿತಾಗ, ಇದೇ ಉಪಾಯವನ್ನು ನೂರು ವರ್ಷಗಳ ಹಿಂದೆ ಒಬ್ಬ ವಕೀಲರು ಸ್ವಂತ ಹೊಣೆಯಲ್ಲಿ ನಡೆಸಿದ್ದರೆಂದು ನನಗೆ ತಿಳಿದಿರಲಿಲ್ಲ.

೨೦೨೦ರಲ್ಲಿ ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದುವು. ಪಾಠಗಳು ಫೋನಿಗೆ ಬಂದುವು. ಮನೆಯಲ್ಲಿದ್ದುದು ಒಂದೇ ಫೋನು. ನಾನು ದೊಡ್ಡವನು, ನನಗೆ ಪರೀಕ್ಷೆ ಹತ್ತಿರ ಎಂದು ಫೋನು ನನ್ನ ಕೈಯಲ್ಲಿ ಉಳಿಯಿತು. ತಮ್ಮ ಒಂದು ಪ್ಯಾಕಿಂಗ್ ಶೆಡ್ಡಿಗೆ ಕೆಲಸಕ್ಕೆ ಹೋದ. ಶಾಲೆ ಮತ್ತೆ ತೆರೆದಾಗ ಅವನು ಹೋಗಲಿಲ್ಲ. ಅವನ ಹೆಸರನ್ನು ಯಾರೂ ಹೊಡೆದು ಹಾಕಿರಲಿಲ್ಲ, ಬಾಗಿಲು ತೆರೆದೇ ಇತ್ತು, ಶುಲ್ಕವೂ ಇರಲಿಲ್ಲ. ಆದರೂ ಅವನು ಹೋಗಲಿಲ್ಲ. ಅಷ್ಟರಲ್ಲಿ ಅವನ ಸಂಬಳ ಮನೆಯ ಬಾಡಿಗೆಯ ಲೆಕ್ಕದಲ್ಲಿ ಸೇರಿಹೋಗಿತ್ತು. ಅವನು ನನ್ನ ಮೇಲೆ ಒಮ್ಮೆಯೂ ಮುನಿದವನಲ್ಲ. ಈ ವರ್ಷದ ನನ್ನ ಪರೀಕ್ಷಾ ಶುಲ್ಕದಲ್ಲಿ ಅವನ ದುಡಿಮೆಯೂ ಇದೆ.

ಆದುದರಿಂದ ರಂಗರಾಯರ ಜೀವನವನ್ನು ಓದುವಾಗ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಅವರ ಬಿರುದಲ್ಲ, ಅವರನ್ನು ನೋಡಲು ಬಂದ ದೊಡ್ಡವರ ಹೆಸರುಗಳೂ ಅಲ್ಲ. ಶಾಲೆ ತೆರೆದು ಮಕ್ಕಳು ಬರಲಿಲ್ಲವೆಂದು ಮಕ್ಕಳನ್ನು ದೂರುತ್ತ ಅವರು ಕುಳಿತುಕೊಳ್ಳಲಿಲ್ಲ. ಬಾರದ ಮಗುವಿನ ಮನೆಗೆ ಹೋಗಿ, ಏಕೆ ಬರಲಿಲ್ಲವೆಂದು ಕೇಳಿ, ಆ ಕಾರಣವನ್ನೇ ತೆಗೆದುಹಾಕಿದರು. ಹಸಿವು ಕಾರಣವಾದರೆ ಅನ್ನ, ಕೂಲಿ ಕಾರಣವಾದರೆ ಕಾಸು, ದೂರ ಕಾರಣವಾದರೆ ನಿಲಯ. ಸಮಾನ ಅವಕಾಶವೆಂದರೆ ಬಾಗಿಲು ತೆರೆದಿಟ್ಟು ಒಳಗೆ ಕೂರುವುದಲ್ಲ, ಹೊರಗೆ ಹೋಗಿ ಕರೆದುಕೊಂಡು ಬರುವುದು ಎಂದು ಅವರು ನಡೆದು ತೋರಿಸಿದರು. ನಮ್ಮ ಸರಕಾರಿ ಶಾಲೆಗಳು ಬಲಗೊಳ್ಳಬೇಕಾದರೆ ಕಟ್ಟಡ ಬೇಕು, ಉಪಾಧ್ಯಾಯರು ಬೇಕು, ಹಣ ಬೇಕು, ಇದೆಲ್ಲ ನಿಜ. ಇವುಗಳ ಜೊತೆಗೆ, ಬಾರದೆ ಉಳಿದ ಮಗುವಿನ ಮನೆಯ ಬಾಗಿಲಿಗೆ ಹೋಗಿ ನಿಲ್ಲುವ ಒಬ್ಬರಾದರೂ ಬೇಕು.

ಈ ಕಾಲೇಜಿನಿಂದ ಹೊರಟುಹೋಗುವ ದಿನ ನಮಗೆ ಹತ್ತಿರ ಬಂದಿದೆ. ನಮ್ಮಲ್ಲಿ ಬಹುಮಂದಿ ನಮ್ಮ ಮನೆಗೆ ಮೊದಲ ಪದವೀಧರರು. ನಾಳೆ ನಮ್ಮಲ್ಲಿ ಕೆಲವರು ಉಪಾಧ್ಯಾಯರಾಗಬಹುದು, ಕೆಲವರು ಅಧಿಕಾರಿಗಳಾಗಬಹುದು, ಕೆಲವರು ಕಾರನ್ನೂ ಕೊಳ್ಳಬಹುದು. ಆಗ ನಮ್ಮ ಹಿಂದೆ ಏಳುವ ಧೂಳಿನಲ್ಲಿ ಯಾರು ನಿಂತಿದ್ದಾರೆಂದು ಒಮ್ಮೆ ತಿರುಗಿ ನೋಡೋಣ. ನಾನಂತೂ ಒಂದು ನಿಶ್ಚಯ ಮಾಡಿಕೊಂಡಿದ್ದೇನೆ. ಫಲಿತಾಂಶ ಬಂದ ಮೇಲೆ ಮಾಡುವ ಮೊದಲ ಕೆಲಸವೆಂದರೆ, ತಮ್ಮನನ್ನು ಕೂರಿಸಿಕೊಂಡು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಖಾಸಗಿಯಾಗಿ ಕಟ್ಟುವ ಅರ್ಜಿಯನ್ನು ತುಂಬುವುದು. ರಾತ್ರಿ ಅವನಿಗೆ ಪಾಠ ಹೇಳುವವನು ನಾನು. ರಂಗರಾಯರಂಥವರಿಗೆ ನಮ್ಮಂಥವರು ಸಲ್ಲಿಸಬಹುದಾದ ಕಾಣಿಕೆ ಇಷ್ಟೇ. ಚಿಕ್ಕದಾದರೂ ಅವರು ಬೇಡವೆನ್ನಲಾರರೆಂದು ನಂಬಿದ್ದೇನೆ.